ನಲವತ್ತೊಂದನೇ ಸಾಲು

ಮಾರ್ಚ್ 3, ಬೆಳಿಗ್ಗೆ

ಮೇಷ್ಟ್ರ ಅಂಗೈ ಇವತ್ತು ಸ್ವಚ್ಛವಾಗಿತ್ತು. ನಾನು ಕೆಲಸಕ್ಕೆ ಸೇರಿದ ಐದು ತಿಂಗಳಲ್ಲಿ ಇದೇ ಮೊದಲು. ಡಸ್ಟರ್ ಮುಟ್ಟುವವರಲ್ಲ. ಬೋರ್ಡನ್ನು ಕೈಯಲ್ಲೇ ಒರೆಸಿ, ಆ ಬಿಳಿ ಕೈಯಲ್ಲೇ ಕಾಫಿ ಕುಡಿಯುತ್ತಾರೆ.

ಇವತ್ತು ಬೋರ್ಡಿಗೆ ರಜೆ. ಲ್ಯಾಬಿನ ಯಂತ್ರ ಅವರದೇ ಪ್ರಮೇಯವನ್ನು ಸಾಲು ಸಾಲಾಗಿ ಪರೀಕ್ಷಿಸುವ ದಿನ. ವಿಶ್ವವಿದ್ಯಾಲಯದಲ್ಲಿ ಹೆಸರು ತಂದದ್ದು, ನಿವೃತ್ತಿಯ ಮೇಲೆ ಈ ಎಐ ಲ್ಯಾಬಿಗೆ ಕರೆತಂದದ್ದು, ಎಲ್ಲ ಆ ಒಂದು ಪ್ರಮೇಯವೇ.

ನನ್ನ ಪಾಲಿಗೆ ಅವರ ಹಳೆಯ ನೋಟ್‌ಬುಕ್ಕುಗಳನ್ನು ಯಂತ್ರಕ್ಕಾಗಿ ಟೈಪ್ ಮಾಡುವುದು. ಜೊತೆಗೆ ಅವರ ಆತ್ಮಕಥೆಯನ್ನು ತಿದ್ದುವುದು. ಲೆಕ್ಕದ ಪೀರಿಯಡ್ ಬಂದರೆ ಹೊಟ್ಟೆನೋವು ತರಿಸಿಕೊಳ್ಳುತ್ತಿದ್ದವಳಿಗೆ ತಕ್ಕ ಶಾಸ್ತಿ — ಅಕ್ಕನ ತೀರ್ಪು.

ಮಾರ್ಚ್ 3, ಸಂಜೆ 4

ಯಂತ್ರ ನಿಂತಿತು. ನಲವತ್ತೊಂದನೇ ಸಾಲು. ಹಿಂದಿನ ಸಾಲಿನಿಂದ ಇದು ಬರುವುದಿಲ್ಲವಂತೆ.

ನನ್ನದೇ ಟೈಪಿಂಗ್ ತಪ್ಪು ಅಂದುಕೊಂಡೆ. ಮೂರು ಸಲ ನೋಡಿದೆ. ಅಲ್ಲ.

ಮಾರ್ಚ್ 4

ಮೂಲ ನೋಟ್‌ಬುಕ್ ತೆಗೆದೆ. ಆ ಸಾಲಿನ ಕೊನೆಗೆ, 'ಇದು ಸ್ಪಷ್ಟ.' ಅಷ್ಟೇ. ಮಕ್ಕಳಿಗೂ ಗೊತ್ತಿರುವುದಕ್ಕೆ ಕಾರಣ ಬರೆಯುವ ಮನುಷ್ಯ. ಇನ್ನೂರು ಪುಟದಲ್ಲಿ ಇಲ್ಲೊಂದು ಕಡೆ ಬರೆದಿಲ್ಲ. ಪಕ್ಕದ ಅಂಚಿನಲ್ಲಿ ಪೆನ್ಸಿಲ್, ಬೇರೆ ಯಾರದೋ ದುಂಡಕ್ಷರ: 'ಹೇಗೆ ಸರ್?'

ತೋರಿಸಿದೆ. ಕನ್ನಡಕ ತೆಗೆದು ಒರೆಸಿದರು.

"ನನ್ನ ಶಿಷ್ಯೆ. ಪಿಎಚ್‌ಡಿ ಮಾಡ್ತಿದ್ಲು. ಇಷ್ಟೂ ಹೊಳೀದಿದ್ರೆ ಗಣಿತ ಬಿಟ್ಬಿಡಮ್ಮ ಅಂದೆ."

"ಬಿಟ್ರಾ ಸರ್?"

"ಮಾರನೇ ದಿನಾನೇ."

ಅವಳು ಬಿಟ್ಟುಹೋದ ಒಂದು ವಾರದೊಳಗೇ ತಮಗೂ ತಿಳಿಯಿತಂತೆ — ಅಲ್ಲಿ ಕಾರಣವೇ ಇಲ್ಲ. ಇಪ್ಪತ್ತಾರು ವರ್ಷದಿಂದ ಹುಡುಕುತ್ತಿದ್ದಾರಂತೆ. ದಿನಾ ಬರೆದು ಒರೆಸುತ್ತಿದ್ದದ್ದು ಆ ಒಂದೇ ಸಾಲು.

ನಾನು ಆ ಕೈ ನೋಡಿ ಮನೆಯಲ್ಲಿ ನಗಾಡಿದ್ದೆ. ಅಕ್ಕನೂ ನಕ್ಕಿದ್ದಳು…

ಮಾರ್ಚ್ 9

ನಾಲ್ಕು ದಿನ ಪೆನ್ನು ಮುಟ್ಟಲಾಗಲಿಲ್ಲ.

ಅಂಗೈ ಮತ್ತೆ ಬಿಳಿ. ಆತ್ಮಕಥೆ ಮುಂದಿನ ವಾರ ಅಚ್ಚಿಗೆ. ಕಾಫಿ ತರಿಸು ಅನ್ನುವಷ್ಟೇ ಮೆತ್ತಗೆ ಹೇಳಿದರು: "ಅಂಚಿನ ಗೀಚೆಲ್ಲ ಬೇಡಮ್ಮ. ಯಂತ್ರ ನಿಂತಿದ್ದಕ್ಕೆ, ಅದಿನ್ನೂ ಹಸುಗೂಸು ಅಂತ ಬರಿ, ಸಾಕು."

ತಲೆಯಾಡಿಸಿದೆ. ನನಗೆ ಚೆನ್ನಾಗಿ ಬರುವುದು ಅದೊಂದೇ.

ದಾರಿಯುದ್ದಕ್ಕೂ ಆ ದುಂಡಕ್ಷರ. ಪೆನ್ಸಿಲನ್ನು ಒತ್ತಿಯೂ ಬರೆದಿರಲಿಲ್ಲ. ನಾನೂ ಹಾಗೇ ಬರೆಯುತ್ತಿದ್ದೆ.

ಮಾರ್ಚ್ 10, ಬೆಳಿಗ್ಗೆ 8

ಲ್ಯಾಬಿಗೆ ಎಲ್ಲರಿಗಿಂತ ಮೊದಲು ಬಂದೆ. ಆತ್ಮಕಥೆಯ ಕರಡಿನಲ್ಲಿ ಪ್ರಮೇಯದ ಪುಟ ತೆರೆದು, ನಲವತ್ತೊಂದನೇ ಸಾಲಿನ ಪಕ್ಕ ಟೈಪ್ ಮಾಡಿದೆ — 'ಹೇಗೆ ಸರ್?' ಕೇಳಿದ್ದು ಶಿಷ್ಯೆ ಎಂದು ಕೆಳಗೆ ಹಾಕಿದೆ. ಅವಳ ಹೆಸರಿಗೆ ಜಾಗ ಬಿಟ್ಟಿದ್ದೇನೆ. ಅದನ್ನು ಅವರೇ ತುಂಬಬೇಕು.

ಆ ಪುಟವನ್ನು ಮೇಷ್ಟ್ರ ಮೇಜಿನ ಮೇಲಿಟ್ಟು ಇಲ್ಲೇ ಕೂತಿರುತ್ತೇನೆ. ತೆಗಿ ಅಂದರೆ ತೆಗೆಯುವುದಿಲ್ಲ. ಬಿಟ್ಬಿಡಮ್ಮ ಅಂದರೆ —