ಮೀನುಗಳು ಗುರುತಿಸಿದ ಸ್ವೆಟರ್

ಅಮ್ಮನವರಿಗೆ ನಮಸ್ಕಾರ.

ನಾವು ಭೇಟಿಯಾಗಿಲ್ಲ. ನಾನು ನಿಮ್ಮ ಅಳಿಯನ ಎರಡನೆಯ ಹೆಂಡತಿ. ತೀರಿಕೊಂಡ ನಿಮ್ಮ ಮಗಳು ಸಾಕಿದ್ದ ಆರು ಮೀನುಗಳ ವಿಷಯವಾಗಿ ಬರೆಯುತ್ತಿದ್ದೇನೆ.

ಗಾಜಿನ ತೊಟ್ಟಿಯ ತಳದಲ್ಲೇ ಬದುಕುವ ಮೀಸೆಯ ಮೀನುಗಳು ಅವು. ನನ್ನನ್ನು ಕಂಡರೆ ಸಾಕು, ಕಲ್ಲಿನ ಸಂದಿಗೆ ನುಗ್ಗಿ ತಲೆಮರೆಸಿಕೊಳ್ಳುತ್ತಿದ್ದವು. ಅಂಗಡಿಯವನ ಮಾತು ಕೇಳಿ ನುಣುಪಾದ ಮರಳು ಹಾಸಿದೆ, ಅಡಗಲೆಂದು ಪುಟ್ಟ ಮಡಕೆಗಳನ್ನಿಟ್ಟು ದೀಪವನ್ನೂ ಮಂದ ಮಾಡಿದೆ. ಮೂರು ತಿಂಗಳು ಒಂದೂ ಮೂತಿ ತೋರಿಸಲಿಲ್ಲ. "ನಾನೇನು ನಿಮ್ಮನ್ನ ಹುರಿದು ತಿಂತೀನಾ?" ಎಂದು ಬೈದೂ ನೋಡಿದೆ.

ಒಂದು ದಿನ ಚಳಿಯೆಂದು, ಬಾಗಿಲ ಹಿಂದೆ ನೇತಾಡುತ್ತಿದ್ದ ನಿಮ್ಮ ಮಗಳ ಹಸಿರು ಸ್ವೆಟರ್ ಹಾಕಿಕೊಂಡು ತೊಟ್ಟಿಯ ನೀರು ಬದಲಾಯಿಸಿದೆ. ಆರೂ ಹೊರಬಂದು ನನ್ನ ಬೆರಳಿಗೆ ಮೀಸೆ ತಾಗಿಸಿದವು.

ಇವರೂ ಅಷ್ಟೇ, ಕೋಣೆ ಬಿಟ್ಟು ಬರುತ್ತಿರಲಿಲ್ಲ. ಅಂದು ತಾವಾಗಿಯೇ ಬಂದು ಊಟಕ್ಕೆ ಕೂತರು. "ಉಪ್ಪು ಸರಿಯಾಗಿದೆ ಕಣೇ" ಎಂದು ನಿಮ್ಮ ಮಗಳ ಹೆಸರು ಹಿಡಿದು ಕರೆದರು. ನಾನು ತಿದ್ದಲಿಲ್ಲ.

ಈಗ ಮನೆ ಗೆಲುವಾಗಿದೆ. ನಾನು ಸ್ವೆಟರ್ ತೆಗೆಯುವುದೇ ಇಲ್ಲ, ಹಾಗಾಗಿ ಮೊಣಕೈ ಹರಿದಿದೆ. ನಿಮ್ಮ ಮಗಳ ಬೇರೆ ಬಟ್ಟೆಗಳು ನಿಮ್ಮಲ್ಲಿದ್ದರೆ ದಯವಿಟ್ಟು ಕಳಿಸಿ. ಅಳತೆಯ ಚಿಂತೆ ಬೇಡ. ಮೊದಲು ಇದರ ತೋಳು ನನ್ನ ಬೆರಳು ಮುಚ್ಚುವಷ್ಟು ಉದ್ದವಿತ್ತು; ಈಗ ಮಣಿಕಟ್ಟಿಗೆ ಸರಿಯಾಗಿ ಕೂರುತ್ತದೆ. ಒಗೆದಾಗ ಕುಗ್ಗಿರಬೇಕು ಎನ್ನೋಣವೆಂದರೆ, ನಾನದನ್ನು ಇನ್ನೂ ಒಗೆದೇ ಇಲ್ಲ.

ಬಟ್ಟೆಗಳ ದಾರಿ ಕಾಯುತ್ತಿರುವ,
ನಿಮ್ಮ ಮಗಳು