ಅಜ್ಜಿಯ ಮೂರು ಗೀಟು

ಹಾನ್ಕಾ ರಸ್ತೆಯ ಅಂಗಡಿ,
ಅಕ್ಟೋಬರ್ ೧೯, ಭಾನುವಾರ

ಇಸ್ತಾಂಬುಲ್‌ನಲ್ಲಿ ಬೇರೆ ಯಾರದೋ ಅಮ್ಮನನ್ನು ನೋಡಿಕೊಳ್ಳುತ್ತಿರುವ ನನ್ನ ಅಮ್ಮನಿಗೆ,

ನಿನ್ನ ಇಂತಿಜೋರ್ ಮಾಡುವ ಸಲಾಮುಗಳು. ಈ ಕಾಗದವನ್ನು ಅಲ್ಲಿಗೇ ಹೊರಟಿರುವ ಪಕ್ಕದ ಮನೆಯ ಸನೋಬರ್ ಓಪಾ ಕೈಯಲ್ಲಿ ಕಳಿಸುತ್ತಿದ್ದೇನೆ. ಫೋನಿನಲ್ಲಿ ಇದನ್ನೆಲ್ಲ ಹೇಳಲಾರೆ. ನೀನು ಫೋನ್ ಮಾಡಿದಾಗ ಅದು ಊಟದ ಹಾಸಿನ ನಡುವೆ ರೊಟ್ಟಿಯ ಹಾಗೆ ಬಿದ್ದಿರುತ್ತದೆ, ಎಲ್ಲರೂ ಬಗ್ಗಿ ಕೇಳುತ್ತಾರೆ. ಹೋದ ಭಾನುವಾರ ನೀನು ನನಗೆ "ಕಣ್ಣು ಕಾಣದ ಮುದುಕಿಯ ಮಾನವನ್ನ ಗಿರಾಕಿ ಮುಂದೆ ಕಳೆದೆಯಲ್ಲೇ" ಅಂದೆ. ಆಮೇಲೆ ಅಪ್ಪನ ವಿಷಯ ತಿಳಿದು, ನೀನು ಅವನ ಹತ್ತಿರ ಮಾತಾಡುವುದನ್ನೇ ಬಿಟ್ಟೆ. ಇಬ್ಬರ ಮೇಲೂ ಸಿಟ್ಟು ಮಾಡುವ ಮೊದಲು ನಡೆದದ್ದನ್ನು ಪೂರ್ತಿ ಓದು.

ಮೇ ತಿಂಗಳಲ್ಲಿ ನಮ್ಮ ಹೊಲದಲ್ಲಿ ಉಪ್ಪು ಮೇಲೆದ್ದದ್ದು ನಿನಗೆ ಗೊತ್ತು. ಕಾಲುವೆಯ ಕಡೆಯ ಸಾಲುಗಳೆಲ್ಲ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗಾದವು, ಅರ್ಧಕ್ಕಿಂತ ಹೆಚ್ಚು ಕರ್ಬೂಜದ ಬಳ್ಳಿ ಸುಟ್ಟುಹೋಯಿತು. ಉಳಿದದ್ದರಲ್ಲಿ ಕಾಯಿ ಮುಷ್ಟಿಯಷ್ಟಾದಾಗ ಅಜ್ಜಿಯ ಕೈ ಹಿಡಿದು ಹೊಲಕ್ಕೆ ಕರೆದೊಯ್ದೆ. ಅವಳು ಮಂಡಿಯ ಮೇಲೆ ತೆವಳುತ್ತ, ಎಲೆ ಸರಿಸಿ, ಒಂದೊಂದು ಕಾಯಿಯನ್ನೂ ಮುಟ್ಟಿ ನೋಡಿ, ಮನಸ್ಸಿಗೆ ಒಪ್ಪಿದ್ದರ ಮೇಲೆ ಮಾತ್ರ ಚೂರಿಯ ತುದಿಯಲ್ಲಿ ಮೂರು ಗೀಟು ಎಳೆದಳು. ಕಣ್ಣು ಹೋದ ಮೇಲೂ ಆ ಕೆಲಸವನ್ನು ಯಾರಿಗೂ ಬಿಟ್ಟಿಲ್ಲ. ಎಲ್ಲ ಸೇರಿ ತೊಂಬತ್ತು ಕಾಯಿ ಆಗಲಿಲ್ಲ. ಬೇರೆ ವರ್ಷ ಇನ್ನೂರು ದಾಟುತ್ತಿತ್ತು.

ಇಲ್ಲಿನ ಜನ ನಮ್ಮ ಅಂಗಡಿಗೆ ಬರುವುದು ಆ ಗೀಟಿಗೆ. ಕಾಯಿ ಬೆಳೆದ ಹಾಗೆ ಗೀಟೂ ಬೆಳೆದು, ಹಣ್ಣಿನ ಮೈಮೇಲೆ ಹಗ್ಗ ಅಂಟಿಸಿದ ಹಾಗೆ ಉಬ್ಬಿ ನಿಲ್ಲುತ್ತದೆ. ಅಜ್ಜಿ ಅಂಗಡಿಯ ಮುಂದೆ ಕೂತು, ಮಾರುವ ಪ್ರತಿ ಹಣ್ಣಿನ ಮೇಲೂ ಹೆಬ್ಬೆರಳು ಆಡಿಸಿ "ನನ್ನದು" ಅನ್ನುತ್ತಾಳೆ. ಅಷ್ಟಾದರೆ ಅದು ಜನವರಿಯ ತನಕ ಕೆಡುವುದಿಲ್ಲ ಎಂದು ಅರ್ಥ. ಯಾರೂ ಮರುಪ್ರಶ್ನೆ ಕೇಳುವುದಿಲ್ಲ.

ತೊಂಬತ್ತು ಹಣ್ಣಿಗೆ ಅಂಗಡಿ ತೆರೆಯುವುದಾದರೂ ಹೇಗೆ ಎಂದು ಜೂನ್‌ನಲ್ಲಿ ಮನೆಯಲ್ಲಿ ಮಾತು ನಡೆಯಿತು. ಕೊನೆಗೆ ಕಾಲುವೆಯ ಕೆಳಗಿನ ಬೆಕ್‌ಜಾನ್‌ನ ಹೊಲದ ಕಾಯಿಗಳನ್ನು ಕೊಳ್ಳುವುದು, ಎಳೆಯದಿರುವಾಗಲೇ ಅವುಗಳ ಮೇಲೂ ಮೂರು ಗೀಟು ಹಾಕುವುದು ಎಂದಾಯಿತು. ಹಾಕಿದವಳು ನಾನು. ಕಾಯಿಯ ಮೇಲೆ ಗೀರುವುದು ನನಗೆ ಆಟ ಅಂತ ನಿನಗೆ ಗೊತ್ತು. ಹೋದ ವರ್ಷ ನೆರೆಯ ಮಕ್ಕಳ ಹೆಸರು, ಹುಂಜ, ಒಂಟೆ ಎಲ್ಲ ಗೀರಿ ಅಂಗಡಿಗಿಟ್ಟಿದ್ದೆ. ಉರ್ಗೆಂಚ್‌ನ ಜನ ಹಣ್ಣನ್ನು ಬಿಟ್ಟು ಒಂಟೆಯನ್ನು ಕೊಂಡರು ಎಂದು ಅಜ್ಜಿ ಬೈದಿದ್ದಳು. ಈ ಸಲ ಗೋಣಿ ಹೊಲಿಯುವ ಸೂಜಿ ತೆಗೆದುಕೊಂಡು, ಅಜ್ಜಿ ಮಧ್ಯಾಹ್ನ ಮಲಗಿದ್ದಾಗ, ಎರಡು ದಿನದಲ್ಲಿ ನೂರ ಇಪ್ಪತ್ತು ಕಾಯಿ ಗೀರಿದೆ. ನಿಜ ಹೇಳಬೇಕೆಂದರೆ ಆಗ ನನಗೆ ಪಾಪ ಅನ್ನಿಸಲಿಲ್ಲ. ಎಷ್ಟು ಚೆನ್ನಾಗಿ ಬಂತು ಎಂದು ಹಿಗ್ಗಿದೆ.

ಬೆಕ್‌ಜಾನ್ ಬಳ್ಳಿಗೆ ಬಿಳಿ ಗೊಬ್ಬರ ಹೊಯ್ಯುತ್ತಾನೆ. ಹಣ್ಣು ಬೇಗ ಊದಿಕೊಳ್ಳುತ್ತದೆ, ತಿನ್ನಲು ಸಿಹಿಯಾಗಿಯೇ ಇರುತ್ತದೆ, ಆದರೆ ನಿಲ್ಲುವುದಿಲ್ಲ. ಸೆಪ್ಟೆಂಬರ್ ಕೊನೆಗೆ ಎಲ್ಲವನ್ನೂ ಮಣ್ಣಿನ ಕೋಣೆಯಲ್ಲಿ ಜೊಂಡಿನ ಜೋಲಿ ಕಟ್ಟಿ ತೂಗುಹಾಕಿದೆವು. ಎರಡೂ ಬೆರೆತೇ ಹೋದವು, ಆದರೆ ಬೆಕ್‌ಜಾನ್‌ನ ಹಣ್ಣನ್ನು ವಾಸನೆಯಿಂದಲೇ ನಾನು ಗುರುತಿಸಬಲ್ಲೆ. ಬೆಳಿಗ್ಗೆ ಬೆಳಿಗ್ಗೆ ಒಳಗೆ ಹೋಗಿ ಮೂಸುತ್ತ ನಡೆಯುವುದು ನನ್ನ ಕೆಲಸ. ಅಕ್ಟೋಬರ್ ಐದಕ್ಕೆ ಒಂದು ಹಣ್ಣಿನ ಕೆಳಗೆ ನೆಲ ಅಂಟಂಟಾಗಿತ್ತು. ಆರಕ್ಕೆ ಇನ್ನೆರಡು. ಮೂರೂ ನಾನು ಗೀರಿದವೇ.

ಅಪ್ಪನಿಗೆ ಹೇಳಿದೆ. ಅವನು ಗೂಡಿನ ಹಕ್ಕಿಗೆ ನವಣೆ ಹಾಕುತ್ತಿದ್ದ. ಆ ಲಾವಕ್ಕಿ, ಅವನ ಬೆದಾನಾ, ಇನ್ನೂ ಇದೆ, ಅಂಗಡಿಯ ಚಪ್ಪರಕ್ಕೆ ನೇತುಹಾಕಿದ ಸೋರೆಬುರುಡೆಯ ಗೂಡಿನಲ್ಲಿ ಕೂತು ದಿನವಿಡೀ ಕೂಗುತ್ತದೆ. "ಕೆಟ್ಟಿದ್ದನ್ನ ಹಸುಗೆ ಹಾಕು, ನಿಂತಿದ್ದನ್ನ ಬೇಗ ಮಾರು, ಬಾಯಿಗೆ ಹೊಲಿಗೆ ಹಾಕು," ಅಂದ.

ಏಳನೇ ತಾರೀಖು ಮತ್‌ನಿಯಾಜ್ ಅಕಾ ಬಂದ. ಪ್ರತಿ ವರ್ಷ ಬರುವ ದಪ್ಪ ಹೊಟ್ಟೆಯ ಗಿರಾಕಿ, ನೀನು ಇದ್ದಾಗ ನಿನ್ನ ರೊಟ್ಟಿ ಕೇಳಿ ತಿನ್ನುತ್ತಿದ್ದನಲ್ಲ, ಅವನೇ. ಜನವರಿಯಲ್ಲಿ ಅವನ ಮಗನ ಮದುವೆ. ನಾನೂರು ಜನರ ಮುಂದೆ ಚಳಿಗಾಲದ ಹಣ್ಣು ಕತ್ತರಿಸಬೇಕು, ಅರವತ್ತು ಬೇಕು ಎಂದ. ಟ್ರಕ್ಕನ್ನೂ ತಂದಿದ್ದ, ಒಳಗೆ ಒಣಹುಲ್ಲನ್ನೂ ಹಾಸಿದ್ದ.

"ಅಜ್ಜೀ, ನನ್ನ ಬೀಗರು ಹಜಾರಾಸ್ಪ್‌ನವರು, ಹಣ್ಣಿನ ವಿಷಯದಲ್ಲಿ ಮೂಗು ಉದ್ದ. ಜನವರಿ ತನಕ ನಿಲ್ಲುತ್ತೆ ತಾನೆ?"

"ನಿನ್ನ ಮಗನ ಸೊಂಟದ ಮೇಲೆ ಪಟ್ಟಿ ನಿಲ್ಲುತ್ತೋ ಇಲ್ವೋ ಅದನ್ನ ನೋಡ್ಕೋ. ನನ್ನ ಹಣ್ಣು ನಿಲ್ಲುತ್ತೆ."

"ಅವನೂ ನನ್ನ ಹಾಗೇ ಹೊಟ್ಟೆ ಬಿಟ್ಟಿದಾನೆ ಅಜ್ಜೀ, ಪಟ್ಟಿ ಬೀಳೋ ಜಾಗಾನೇ ಇಲ್ಲ."

ಎಲ್ಲರೂ ನಕ್ಕರು. ಅಪ್ಪ ಕೋಣೆಯಿಂದ ಒಂದೊಂದೇ ಜೋಲಿ ಬಿಚ್ಚಿ ತರುತ್ತಿದ್ದ. ಅಜ್ಜಿ ಹೆಬ್ಬೆರಳು ಆಡಿಸಿ "ನನ್ನದು" ಅನ್ನುವುದು, ನಾನು ಎತ್ತಿ ಟ್ರಕ್ಕಿನಲ್ಲಿಡುವುದು. ಮೊದಲನೆಯದು ಅವಳದ್ದು. ಎರಡನೆಯದೂ ಅವಳದ್ದು. ಮೂರನೆಯದು ನನ್ನದು. ಅವಳ ಬೆರಳು ಅದರ ಮೇಲೆ ಒಂದು ಕ್ಷಣ ಹೆಚ್ಚು ನಿಂತಿತು. ಆದರೂ "ನನ್ನದು" ಅಂದಳು. ಆರನೆಯದು, ಏಳನೆಯದು, ಎಂಟನೆಯದು ನನ್ನವು. ಪ್ರತಿ ಸಲವೂ ಬೆರಳು ನಿಲ್ಲುತ್ತಿತ್ತು, ಪ್ರತಿ ಸಲವೂ ಅವಳು ಅದೇ ಮಾತು ಹೇಳುತ್ತಿದ್ದಳು. ಅವಳು ಈ ಎಪ್ಪತ್ತೆಂಟು ವರ್ಷದಲ್ಲಿ ಹೇಳದ ಸುಳ್ಳುಗಳನ್ನೆಲ್ಲ ನಾನು ಅವಳ ಬಾಯಿಂದ ಹೇಳಿಸುತ್ತಿದ್ದೇನೆ ಅನ್ನಿಸಿತು. ಒಂಬತ್ತನೆಯದನ್ನು ಎತ್ತಿದೆ. ಇಡಲು ಆಗಲಿಲ್ಲ.

"ಅಜ್ಜೀ, ಇದು ನಿನ್ನದಲ್ಲ," ಅಂದೆ.

ಅಪ್ಪ ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟ. "ಬೆಳಿಗ್ಗೆಯಿಂದ ಬಿಸಿಲಲ್ಲಿದಾಳೆ, ತಲೆ ತಿರುಗಿರಬೇಕು," ಎಂದು ಮತ್‌ನಿಯಾಜ್‌ನ ಕಡೆ ನೋಡಿ ನಗಲು ನೋಡಿದ.

"ತಲೆ ಸರಿಯಾಗಿದೆ. ಇದು ಬೆಕ್‌ಜಾನ್ ಹೊಲದ್ದು. ಟ್ರಕ್ಕಲ್ಲಿರೋದ್ರಲ್ಲೂ ನಾಲ್ಕು ಅವನದ್ದೇ. ಮದುವೆ ತನಕ ಇರಲ್ಲ. ಕೋಣೇಲಿ ಮೂರು ಈಗ್ಲೇ ಕೊಳೆತಿವೆ."

ಮತ್‌ನಿಯಾಜ್ ಅಕಾನ ನಗು ಇಳಿದುಹೋಯಿತು. ಹಕ್ಕಿಯೂ ಅದೇ ಹೊತ್ತಿಗೆ ಕೂಗುವುದನ್ನು ನಿಲ್ಲಿಸಬೇಕೇ! ಅಜ್ಜಿ ಕೈ ಚಾಚಿದಳು. ಹಣ್ಣನ್ನು ಅವಳ ಮಡಿಲಿಗಿಟ್ಟೆ. ತುಂಬ ಹೊತ್ತು ಸವರಿದಳು.

"ಗೀಟು ಹಾಕಿದ್ದು ಯಾರು?"

"ನಾನು."

"ಹಾಕು ಅಂದೋರು ಯಾರು?"

"ನಾನು ಅಂದೆ, ಅಮ್ಮಾ," ಎಂದ ಅಪ್ಪ. ನಾನು ಬಾಯಿ ತೆರೆಯುವ ಮೊದಲೇ ಅಂದ. ನಾನು ಸುಮ್ಮನಿದ್ದೆ.

ಅಜ್ಜಿ ಬೈಯಲಿಲ್ಲ. "ಮತ್‌ನಿಯಾಜ್, ಟ್ರಕ್ ಖಾಲಿ ಮಾಡು. ನಾನು ಹೇಳಿದ್ದು ಒಂದೂ ಲೆಕ್ಕಕ್ಕಿಲ್ಲ," ಅಂದಳು. ಅವನು ಎಲ್ಲವನ್ನೂ ಇಳಿಸಿ ಖಾಲಿ ಟ್ರಕ್ಕಿನಲ್ಲಿ ಹೋದ. ಅಜ್ಜಿ ನನ್ನ ಕೈಯನ್ನೂ ಹಿಡಿಯದೆ ಗೋಡೆ ತಡವುತ್ತ ಒಳಗೆ ಹೋಗಿ ಮಲಗಿದಳು.

ಮಾರನೆಯ ದಿನದಿಂದ ಅಂಗಡಿಯ ಮುಂದೆ ಅವಳ ಹಾಸು ಖಾಲಿ. ಬಂದ ಜನ "ಅಜ್ಜಿ ಎಲ್ಲಿ?" ಅನ್ನುತ್ತಾರೆ, "ಹುಷಾರಿಲ್ಲ" ಎಂದು ಅಪ್ಪ ಹೇಳುತ್ತಾನೆ, ಅವರು ಟೊಮೇಟೊ ಕೊಂಡು ಹೋಗುತ್ತಾರೆ. ಹಣ್ಣು ಮುಟ್ಟುವುದಿಲ್ಲ. ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿರುತ್ತಾಳೆ, ಚಹಾ ಇಟ್ಟರೆ ಅರ್ಧ ಕುಡಿಯುತ್ತಾಳೆ. ಮೂರನೆಯ ದಿನ ಒಂದೇ ಮಾತು ಆಡಿದಳು: "ಇನ್ನು ನನ್ನನ್ನ ಅಲ್ಲಿ ಕೂರಿಸಬೇಡಿ. ಈ ಬೆರಳು ಸತ್ತುಹೋಯ್ತು."

ಅಪ್ಪ ನನ್ನ ಹತ್ತಿರ ಮಾತಾಡುವುದಿಲ್ಲ. ಹೇಳಬೇಕಾದದ್ದನ್ನು ಹಕ್ಕಿಗೆ ಹೇಳುತ್ತಾನೆ. "ಏನಮ್ಮಾ ಬೆದಾನಾ, ಈ ಮನೇಲಿ ಸತ್ಯ ಹೇಳೋರು ಜಾಸ್ತಿಯಾದ್ರು, ಚಹಾ ಕಾಸೋರು ಕಡಿಮೆಯಾದ್ರು." ನಾನು ಚಹಾ ಕಾಸಿ ಹಕ್ಕಿಯ ಮುಂದೆ ಇಡುತ್ತೇನೆ. ಅವನು ಕುಡಿಯುತ್ತಾನೆ. ನಾನು ಶಾಲೆ ಬಿಟ್ಟದ್ದೂ ಇಂಥದ್ದಕ್ಕೇ ಅಲ್ಲವೇ? ಬಾರದ ಮಕ್ಕಳಿಗೂ ಹಾಜರಿ ಹಾಕಿದ್ದಾರೆ ಎಂದು ಎದ್ದು ನಿಂತು ಹೇಳಿದೆ, ಕ್ಷಮೆ ಕೇಳು ಅಂದರು, ಕೇಳಲಿಲ್ಲ, ಚೀಲ ಹಿಡಿದು ಬಂದೆ. ಆಗ ನೀನು "ಇವಳ ನಾಲಿಗೆ ಇವಳನ್ನ ಎಲ್ಲೂ ಕೂರಕ್ಕೆ ಬಿಡಲ್ಲ" ಅಂದಿದ್ದೆ. ಈಗ ಅಜ್ಜಿಯನ್ನೂ ಅವಳ ಜಾಗದಿಂದ ಎಬ್ಬಿಸಿತು.

ಹತ್ತು ದಿನ ಹೀಗೇ ಹೋಯಿತು. ನಿನ್ನೆ ಬೆಳಿಗ್ಗೆ ನಾನು ಕೋಣೆಯಲ್ಲಿ ಮೂಸುತ್ತ ನಡೆಯುತ್ತಿದ್ದಾಗ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಅಜ್ಜಿ ಒಬ್ಬಳೇ ಅಂಗಳ ದಾಟಿ ಬಂದಿದ್ದಳು.

"ಒಂದು ಇಳಿಸು," ಅಂದಳು. ಇಳಿಸಿದೆ. ಸವರಿದಳು. "ಇನ್ನೊಂದು."

ಎರಡನ್ನೂ ಮಡಿಲಲ್ಲಿಟ್ಟುಕೊಂಡು ಕೇಳಿದಳು: "ನೀನು ತೊಟ್ಟಿನ ಕಡೆಯಿಂದ ಕೆಳಕ್ಕೆ ಎಳೀತೀಯ?"

"ಹೌದು. ನೀನು?"

"ನಾನು ಹೂ ಬಿದ್ದ ಕಡೆಯಿಂದ ಮೇಲಕ್ಕೆ. ನಮ್ಮಮ್ಮನೂ ಹಂಗೇ." ನನ್ನ ಹೆಬ್ಬೆರಳು ಹಿಡಿದು ಗೀಟಿನ ಮೇಲಿಟ್ಟಳು. ಶುರುವಾದ ಕಡೆ ದಪ್ಪ, ಮುಗಿದ ಕಡೆ ಸಣ್ಣ. ಅವಳದ್ದು ಮೇಲೆ ಹೋಗುತ್ತ ಸಣ್ಣಗಾಗುತ್ತದೆ, ನನ್ನದು ಕೆಳಗಿಳಿಯುತ್ತ. ಎರಡು ದಿನ ಬಗ್ಗಿ ಗೀರಿದ ನಾನು ಅದನ್ನು ಒಮ್ಮೆಯೂ ಗಮನಿಸಿರಲಿಲ್ಲ.

"ಹಾಗಾದ್ರೆ ನಿನಗೆ ಅವತ್ತೇ ಗೊತ್ತಾಗಿತ್ತಾ?"

"ಏನೋ ತಲೆಕೆಳಗಾಗಿದೆ ಅಂತ ಗೊತ್ತಾಯ್ತು. ಕಣ್ಣಿಲ್ಲದೆ ತೆವಳ್ತಾ ಹಾಕಿದ್ನಲ್ಲ, ನನ್ನ ಕೈಯೇ ಹಾಳಾಯ್ತು ಅಂದ್ಕೊಂಡೆ. ಕೈಗೂ ವಯಸ್ಸಾಯ್ತು, ಇನ್ನು ಮುಗೀತು ಅಂತ. ಅದನ್ನ ಯಾರಿಗೂ ತೋರಿಸಬಾರದು ಅಂತ ‘ನನ್ನದು, ನನ್ನದು’ ಅಂತಾ ಹೋದೆ." ಬೆರಳನ್ನು ಮತ್ತೆ ಗೀಟಿನ ಮೇಲಾಡಿಸಿ, "ಕಳ್ಳೀ, ಕೈ ನನ್ನದು ಸರಿಯಾಗೇ ಇತ್ತಲ್ಲೇ," ಅಂದಳು. ಅಮ್ಮಾ, ಅವಳು ಬೈದದ್ದೋ ನಕ್ಕದ್ದೋ ನನಗೆ ತಿಳಿಯಲಿಲ್ಲ. ನಾನಂತೂ ಅತ್ತೆ.

ಮಧ್ಯಾಹ್ನದ ತನಕ ಜೋಲಿ ಇಳಿಸುತ್ತ ಹೋದೆ. ಅವಳು ಬಲಕ್ಕೆ ಒಂದು, ಎಡಕ್ಕೆ ಒಂದು ಬೇರ್ಪಡಿಸಿದಳು. ಒಂದೂ ತಪ್ಪಲಿಲ್ಲ, ನಾನು ಮೂಸಿ ಮೂಸಿ ನೋಡಿದೆ. ಅವಳವು ಎಂಬತ್ತೊಂದು, ನನ್ನವು ತೊಂಬತ್ತಾರು, ಮಿಕ್ಕವು ಅಷ್ಟರಲ್ಲಿ ಕೊಳೆತು ಹಸುವಿನ ಪಾಲಾಗಿದ್ದವು. ಇವತ್ತು ಬೆಳಿಗ್ಗೆ ಅಪ್ಪ ಎರಡು ರಾಶಿಯನ್ನೂ ಅಂಗಡಿಯ ಮುಂದೆ ಬೇರೆ ಬೇರೆ ಜೋಡಿಸಿ, ನಡುವೆ ಅವಳ ಹಾಸು ಬಿಚ್ಚಿದ. ಮೊದಲು ಬಂದ ಹೆಂಗಸು ಎಡಗಡೆಯದನ್ನು ಎತ್ತಿ, "ಇದಕ್ಕೂ ಗೀಟಿದೆಯಲ್ಲ ಅಜ್ಜೀ?" ಎಂದಳು.

"ಗೀಟು ನನ್ನದಲ್ಲ, ಮೊಮ್ಮಗಳದ್ದು. ಇವತ್ತೇ ತಿಂದು ಮುಗಿಸು. ನಾಳೆಗೆ ಇಡೋದಾದ್ರೆ ಈ ಕಡೆಯದು ತಗೋ."

ಹೆಂಗಸು ಎರಡನ್ನೂ ನೋಡಿದಳು, ನನ್ನನ್ನೂ ನೋಡಿದಳು, ಏನೂ ಕೊಳ್ಳದೆ ಹೋದಳು. ಸಂಜೆಯ ತನಕ ಒಟ್ಟು ಐದು ಹೋದವು. ಮತ್‌ನಿಯಾಜ್ ಅಕಾ ಬಂದಿಲ್ಲ. ಬರುತ್ತಾನೋ ಇಲ್ಲವೋ ಗೊತ್ತಿಲ್ಲ, ಆದರೂ ಬಲಗಡೆಯ ಅರವತ್ತನ್ನು ಮುಟ್ಟಬೇಡಿ ಎಂದು ಅಜ್ಜಿ ಹೇಳಿದ್ದಾಳೆ. ಅವಳು ಅಲ್ಲಿ ಕೂತಿದ್ದಾಳೆ, ಅಷ್ಟು ಸಾಕು.

ನಿನ್ನ ಕೈಯನ್ನು ನನ್ನ ಕಣ್ಣಿಗೊತ್ತಿಕೊಂಡು,
ನಿನ್ನ ನಾಲಿಗೆ ಉದ್ದದ ಮಗಳು
ಇಂತಿಜೋರ್

ಮತ್ತೆ: ಕಾಗದ ಮಡಚಿ ಸನೋಬರ್ ಓಪಾ ಬಾಗಿಲ ತನಕ ಹೋಗಿ ವಾಪಸ್ ಬಂದೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಒಂದು ಕಡೆ ಬೇಕೆಂದೇ ಹಾರಿದ್ದೇನೆ. ಜೂನ್‌ನಲ್ಲಿ ಅಪ್ಪ ಕೇಳಿದ್ದು ಇಷ್ಟೇ: "ಬೆಕ್‌ಜಾನ್ ಹಣ್ಣನ್ನ ಅವನ ಹೆಸರಲ್ಲೇ ಮಾರೋಣ, ಯಾರಾದ್ರೂ ಕೊಳ್ತಾರಾ?" ಸೂಜಿ ತಂದು, ಅವನ ಮುಂದೆ ಒಂದು ಸೌತೆಕಾಯಿಯ ಮೇಲೆ ಮೂರು ಗೀಟು ಎಳೆದು, "ಅಜ್ಜಿಗೂ ಗೊತ್ತಾಗಲ್ಲ ನೋಡು" ಅಂದವಳು ನಾನು. ಅವನು ಎರಡು ದಿನ ಬೇಡ ಅಂದ. ಅವತ್ತು ಟ್ರಕ್ಕಿನ ಹತ್ತಿರ ಅವನು ನನ್ನ ಬದಲು ಹೇಳಿದ, ನಾನು ಹೇಳಲು ಬಿಟ್ಟೆ. ಆಮೇಲೂ ಅವನು ನಿಜವನ್ನು ಯಾರಿಗೂ ಹೇಳಿಲ್ಲ. ಹಕ್ಕಿಗೂ ಹೇಳಿಲ್ಲ, ನಾನು ಕದ್ದು ಕೇಳಿದ್ದೇನೆ. ಮುಂದಿನ ಭಾನುವಾರ ಫೋನ್ ಮಾಡಿದಾಗ ಮೊದಲು ಅಪ್ಪನನ್ನು ಕರೆ. ಅಜ್ಜಿಗೆ ನಾನೇ ಹೇಳಬೇಕು. ಅಂಗಡಿಯಿಂದ ಬಂದು ಕೈ ತೊಳೆಯುತ್ತಿದ್ದಾಳೆ, ನೀರಿನ ಸದ್ದು ಕೇಳಿಸುತ್ತಿದೆ. ಹೋಗುತ್ತೇನೆ.