ಕುರ್ಚಿಯ ಬೆನ್ನ ಮೇಲಿನ ಹೆಸರು

ಕೋಣನಕುಂಟೆ
9-11-2025, ಭಾನುವಾರ

ಚಿ. ಸೌ. ಹೇಮಶ್ರೀಗೆ ಅಮ್ಮನ ಆಶೀರ್ವಾದ.

ನಾವು ಚೆನ್ನಾಗಿದ್ದೇವೆ. ನಿಮ್ಮಪ್ಪನ ಮಂಡಿನೋವು ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ನೀನು, ಅಳಿಯಂದಿರು, ನಿಮ್ಮತ್ತೆ ಸರ್ವಮಂಗಳಮ್ಮ, ಕೂಸು ಎಲ್ಲರೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಮೆಸೇಜಿಗೆ ಎಂಟು ದಿನ ಉತ್ತರ ಕೊಡಲಿಲ್ಲ, ತಪ್ಪು ನನ್ನದೇ. ಫೋನಿನಲ್ಲಿ ಬರೆದರೆ ನೀನು ಅರ್ಧ ಓದಿ ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸುತ್ತೀಯ. ಅದಕ್ಕೇ ಕಾಗದ. ಏಳನೇ ಕ್ಲಾಸಿನ ಕೈಬರಹ, ಸಹಿಸಿಕೋ.

"ಅಮ್ಮಾ, ಪಾಪು ಫಸ್ಟ್ ಬರ್ತ್‌ಡೇಗೆ ನೂರೈವತ್ತು ಚೇರ್ ಬೇಕು. ನಾಮಕರಣದ್ ಥರಾನೇ ವೈಟ್ ಕವರ್ ಹಾಕ್ಸು, ಪ್ಲೀಸ್" ಎಂದು ಬರೆದಿದ್ದೀಯ. ಇಪ್ಪತ್ತೇಳು ವರ್ಷದಿಂದ ಶಾಮಿಯಾನ ಬಾಡಿಗೆಗೆ ಕೊಡುತ್ತಿರುವವಳು ನಾನು. ಕವರನ್ನು ಕೆಲವರು ಚೆಂದಕ್ಕೆ ಕೇಳುತ್ತಾರೆ, ಕೆಲವರು ಕೊಳೆ ಮುಚ್ಚಲು ಕೇಳುತ್ತಾರೆ. ನೀನು ಕೇಳುವುದು, ಕಳವಾಗದಿರಲೆಂದು ಪ್ರತಿ ಕುರ್ಚಿಯ ಬೆನ್ನಿಗೆ ನಾನು ಕೆಂಪಕ್ಷರದಲ್ಲಿ ಬರೆಸಿರುವ 'ತಿಪ್ಪಮ್ಮ ಶಾಮಿಯಾನ'ವನ್ನು ಮುಚ್ಚಲು. "ಬಿಡೇ ತಿಪ್ಪಿ, ಬಟ್ಟೆ ಕವರ್ ತಾನೆ" ಎಂದರು ನಿಮ್ಮಪ್ಪ. ಅವರ ಹೆಸರಿಗೆ ಯಾರೂ ಕವರ್ ಹಾಕಿಲ್ಲ, ಅವರು ಏನು ಬೇಕಾದರೂ ಅನ್ನಬಹುದು.

ಜನವರಿಯ ನಾಮಕರಣದ ಕಾರ್ಡಿನಲ್ಲಿ ಅಜ್ಜಿಯ ಹೆಸರು ಶ್ರೀಮತಿ ತ್ರಿಪುರಾ ಬೋರಣ್ಣ ಎಂದಿತ್ತು. ಒಂದು ಗಳಿಗೆ, ನಿಮ್ಮಪ್ಪ ನನಗೆ ತಿಳಿಯದಂತೆ ಇನ್ನೊಬ್ಬಳನ್ನು ಕಟ್ಟಿಕೊಂಡರೇ ಎಂದು ನೋಡಿದೆ. ಫೋನು ಮಾಡಿದರೆ ನೀನು, "ಪ್ರಿಂಟ್ ಆಗ್ಹೋಯ್ತು ಬಿಡಮ್ಮ. ಆ ಹೆಸರು ಕೇಳಿದ್ರೆ ಜನ ನಗ್ತಾರೆ. ಈಗ ಯಾರ್ ಇಡ್ತಾರೆ ಹೇಳು?" ಎಂದೆ.

ಯಾರು ಇಡುತ್ತಾರೆ ಎಂದು ಬುಕಿಂಗ್ ಪುಸ್ತಕ ತೆಗೆದು ನೋಡಿದೆ. ತೊಟ್ಟಿಲ ಹಿಂದೆ ಥರ್ಮಾಕೋಲ್ ಅಕ್ಷರ ಅಂಟಿಸುವವಳು ನಾನೇ, ಲೆಕ್ಕ ತಪ್ಪುವುದಿಲ್ಲ. ಈ ವರ್ಷ ಹೆಣ್ಣುಮಕ್ಕಳ ನಾಮಕರಣ ಹತ್ತೊಂಬತ್ತು. ಆದ್ಯಾ ಐದು, ಸಾನ್ವಿ ನಾಲ್ಕು, ನಿನ್ನ ಮಗಳೂ ಸೇರಿ ಶನಾಯಾ ಮೂರು, ಮಿಕ್ಕವು ಒಂದೊಂದು. ತಿಪ್ಪಮ್ಮ ಸೊನ್ನೆ. ಒಪ್ಪಿಕೊಂಡೆ.

ಶನಾಯಾ ಅಂದರೇನು ಎಂದು ಅಳಿಯಂದಿರನ್ನು ಕೇಳಿದ್ದೆ. ಫೋನು ನೋಡಿ, "ಒಂದ್ ಕಡೆ ಸೂರ್ಯನ ಮೊದಲ ಕಿರಣ ಅಂತಿದೆ ಅತ್ತೆ, ಇನ್ನೊಂದ್ ಕಡೆ ಸುಂದರಿ ಅಂತಿದೆ" ಎಂದರು. ನಿಮ್ಮತ್ತೆ, "ಅರ್ಥ ಏನಾದ್ರೂ ಇರ್ಲಿ ಬೀಗರೇ, ಕರೆಯೋಕೆ ಸ್ಟೈಲಾಗಿದೆ" ಎಂದರು. ಇರಲಿ, ಹೆಸರು ಚೆನ್ನಾಗಿದೆ. ಆದರೆ ನನ್ನ ಹೆಸರಿನ ಅರ್ಥವನ್ನು ನೀನು ಮೂವತ್ತೊಂದು ವರ್ಷದಲ್ಲಿ ಒಂದು ದಿನ ಕೇಳಲಿಲ್ಲ. ಇವತ್ತು ಕೇಳದಿದ್ದರೂ ಹೇಳುತ್ತೇನೆ.

ನನಗಿಂತ ಮುಂಚೆ ನಮ್ಮವ್ವ ಮುನಿಲಕ್ಷ್ಮಮ್ಮನಿಗೆ ಮೂರು ಹೆಣ್ಣು ಹುಟ್ಟಿದ್ದವು. ಚೆಂದದ ಹೆಸರುಗಳನ್ನೇ ಇಟ್ಟಿದ್ದಳು. ಸುಧಾಮಣಿ, ಇಂದ್ರಾಣಿ, ಪದ್ಮಾವತಿ. ಮೂರರಲ್ಲಿ ಒಂದೂ ವರ್ಷ ತುಂಬಲಿಲ್ಲ. ನಾಲ್ಕನೆಯವಳು ನಾನು. ಹುಟ್ಟಿದ ಮೂರನೇ ದಿನ ನನ್ನನ್ನು ಮೊರದಲ್ಲಿ ಮಲಗಿಸಿ, ಮನೆಯ ಹಿಂದಿನ ತಿಪ್ಪೆಯ ಮೇಲಿಟ್ಟು, ತಿರುಗಿ ನೋಡದೆ ಬಂದಳಂತೆ. ಪಕ್ಕದ ಮನೆಯ ದುಂಡವ್ವ ಎತ್ತಿಕೊಂಡು ಬಾಗಿಲಿಗೆ ಬಂದು, "ತಿಪ್ಪೇಲಿ ಒಂದು ಕೂಸು ಸಿಕ್ತು, ಯಾರಿಗಾರಾ ಬೇಕೇನ್ರವ್ವಾ?" ಎಂದು ಕೂಗಿದಳಂತೆ. ನಮ್ಮವ್ವ ಒಂದು ಮೊರ ತೌಡು ಕೊಟ್ಟು ತನ್ನ ಮಗಳನ್ನೇ ಕೊಂಡುಕೊಂಡಳು. ಯಾರೋ ಬಿಸಾಕಿದ್ದು ಇದು, ಇದರ ಮೇಲೆ ಸಾವಿಗೂ ಆಸೆ ಬರಬಾರದು ಎಂದು ತಿಪ್ಪಮ್ಮ ಎಂದು ಕರೆದಳು. ಇಷ್ಟೇ ಅರ್ಥ, ಇನ್ನೊಂದು ಕಡೆ ಇನ್ನೊಂದು ಇಲ್ಲ. ನನಗೆ ವರ್ಷ ತುಂಬಿದಾಗ ಅಯ್ನೋರು, "ಇನ್ನು ಬೇರೆ ಹೆಸರಿಡಬಹುದು ತಾಯಿ" ಎಂದರಂತೆ. ಅವ್ವನಿಗೆ ಧೈರ್ಯ ಬರಲಿಲ್ಲ.

ಆ ತಿಪ್ಪೆಯಿದ್ದ ಕಡೆ ಈಗ ಯಾರದ್ದೋ ಅಪಾರ್ಟ್‌ಮೆಂಟಿನ ಗೇಟು. ದುಂಡವ್ವ ಹೋಗಿ ಇಪ್ಪತ್ತು ವರ್ಷವಾಯಿತು. ಆ ಹೆಸರು ಬದುಕಿಸಿದವಳ ಹೊಟ್ಟೆಯಲ್ಲಿ ಹುಟ್ಟಿದ ನೀನು, ನಾಮಕರಣದ ದಿನ ಅದರ ಮೇಲೆ ಬಿಳಿ ಬಟ್ಟೆ ಹೊದಿಸಿ ಹಿಂದೆ ಗಂಟು ಹಾಕಿಸಿದೆ. ನೂರೈವತ್ತು ಸಲ. ಹೆಣಕ್ಕೆ ಒಂದು ಸಲ ಹೊದಿಸುತ್ತಾರೆ.

ಕೋಪದಲ್ಲಿ ಬರೆದೆ. ಹೊಡೆದು ಹಾಕುವುದಿಲ್ಲ.

ಡಿಸೆಂಬರ್ ಏಳಕ್ಕೆ ನೂರೈವತ್ತು ಕುರ್ಚಿ ಬೆಳಿಗ್ಗೆಯೇ ಜೆ.ಪಿ. ನಗರಕ್ಕೆ ಬರುತ್ತವೆ. ಕವರ್ ಬರುವುದಿಲ್ಲ. ಬೇಡವೆಂದರೆ ಬೇರೆ ಶಾಮಿಯಾನದವರು ಬೇಕಾದಷ್ಟಿದ್ದಾರೆ, ಇಬ್ಬರ ನಂಬರು ನಾನೇ ಕೊಡುತ್ತೇನೆ. ಆದರೆ ಅವರ ಕುರ್ಚಿಯ ಮೇಲೆ ಬಂದು ಕೂರಲು ನನ್ನನ್ನು ಕರೆಯಬೇಡ.

ಕೂಸಿಗೆ ನೆಗಡಿ ಎಂದಿದ್ದೀಯ, ಬಿಸಿನೀರಿಗೆ ಎರಡು ಎಲೆ ತುಳಸಿ ಹಾಕಿ ಆರಿಸಿ ಕುಡಿಸು. ವರ್ಷ ತುಂಬುತ್ತಿದೆ, ನಮ್ಮ ಮನೆಯಲ್ಲಿ ಅದು ಸಣ್ಣ ಮಾತಲ್ಲ. ನೂರು ವರ್ಷ ಬಾಳಲಿ. ನಿನ್ನ ಮುತ್ತೈದೆತನ ಗಟ್ಟಿಯಾಗಿರಲಿ.

ನಿನ್ನ ಅಮ್ಮ,
ತಿಪ್ಪಮ್ಮ

ಮರೆತಿದ್ದೆ: ನಾಮಕರಣದ ದಿನ ಊಟ ಮಾಡದೆ ಯಾಕೆ ಹೋದೆ ಎಂದು ನೀನು ಮೂರು ಸಲ ಕೇಳಿದೆ, ಗಾಡಿ ಲೋಡ್ ಮಾಡಿಸಬೇಕಿತ್ತು ಎಂದೆ ನಾನು. ಅದಲ್ಲ. ಲಿಫ್ಟಿನ ಪಕ್ಕ ಕುರ್ಚಿ ಎಣಿಸುತ್ತಿದ್ದೆ. ಅಳಿಯಂದಿರ ಆಫೀಸಿನ ಮೇಡಂ ಒಬ್ಬರು, "ಆ ಆಂಟಿ ಯಾರು?" ಎಂದು ಕೇಳಿದರು. ನೀನು ನನ್ನ ಕಡೆ ನೋಡಿಯೇ, "ಅವ್ರಾ, ಶಾಮಿಯಾನದವ್ರು" ಎಂದೆ. ಸುಳ್ಳೇನಲ್ಲ. ಅಷ್ಟರಲ್ಲಿ ನೂರಹದಿನಾಲ್ಕು ಎಣಿಸಿದ್ದೆ. ಮತ್ತೆ ಒಂದರಿಂದ ಶುರುಮಾಡಬೇಕಾಯಿತು.